ಸಾಕ್ಷಿ ಸಮೇತ ಮುತ್ತಜ್ಜ

ನಮ್ಮ ಸೀಮೆಯಲ್ಲಿ ಮೊಟ್ಟಮೊದಲು ಸುವಾರ್ತೆ ಸಾರಿದ ಬ್ಯಾಪ್ಟಿಸ್ಟ್ ಬೋಧಕ ದೇವಪುತ್ರಪ್ಪನವರು ನನ್ನ ಸ್ವಂತ ಮುತ್ತಜ್ಜ. ಮಾತು ಬಂದಾಗಿನಿಂದ ನಾನು ಇದನ್ನು ಹೇಳಿಕೊಂಡು ಬಂದಿದ್ದೇನೆ. ಯಾರೂ ಸಾಕ್ಷಿ ಕೇಳಿರಲಿಲ್ಲ. ಈ ವರ್ಷ ಸಿಂದಗಿಯ ನಮ್ಮ ಸಭೆಯವರು ದೇವಾಲಯದ ಗೋಡೆಗೆ ಅವರ ಹೆಸರಿನ ಕಲ್ಲು ಕೂರಿಸಿ, ಕೆಳಗೆ ವಂಶದವರ ಹೆಸರನ್ನೂ ಕೆತ್ತಿಸುವುದೆಂದು ತೀರ್ಮಾನಿಸಿದರು. ಪಾಸ್ಟರ್ ಸಾಹೇಬರು ಮಾತ್ರ, "ದಾಖಲೆ ಬೇಕ್ರಿ" ಅಂದುಬಿಟ್ಟರು.

"ಒಂದ ಮಧ್ಯಾಹ್ನದ ಕೆಲಸ ಬಿಡ್ರಿ!" ಎಂದೆ.

ಇಂಡಿಯಲ್ಲಿರುವ ನಮ್ಮ ಮನೆಗೆ ಬಂದು ಹೆಂಡತಿ ಮಾರ್ಥಾಳಿಗೆ ವಿಷಯ ತಿಳಿಸಿದೆ. ಆಕೆ ಸೊಪ್ಪು ಸೋಸುತ್ತ, "ನಿಮ್ಮ ಆಧಾರ್ ಕಾರ್ಡ್ ಎಲ್ಲೈತಿ ಅನ್ನೂದ ನಿಮಗ ಗೊತ್ತಿಲ್ಲ. ಮುತ್ತಜ್ಜನ್ನ ಹುಡಕ್ತೀರಿ?" ಅಂದಳು. ಮಹಾಕಾರ್ಯಕ್ಕೆ ಹೊರಟವನು ಇಂಥದಕ್ಕೆಲ್ಲ ಕಿವಿಗೊಡಬಾರದು.

ಮೊದಲು ಮುದ್ದೇಬಿಹಾಳಕ್ಕೆ ಹೋದೆ. ಅವರ ಸಮಾಧಿ ಅಲ್ಲೇ ಊರಾಚೆ ಇದೆಯೆಂದು ನಮ್ಮಪ್ಪ ಹೇಳುತ್ತಿದ್ದ. ಜಾಲಿಗಿಡಗಳ ನಡುವೆ ಒಂದು ಹಳೆಯ ಕಲ್ಲು ಸಿಕ್ಕೇಬಿಟ್ಟಿತು. ನೀರು ಹಾಕಿ ತೊಳೆದೆ, ಹೂವಿನ ಹಾರ ಹಾಕಿದೆ, ಮೊಣಕಾಲೂರಿ ಕಣ್ಣೀರಿಟ್ಟು ಪ್ರಾರ್ಥನೆ ಮಾಡಿದೆ. ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಮುಗಿಯುವ ತನಕ ಕಾದು ನಿಂತು ಹೇಳಿದಳು:

"ಸಾಹೇಬ್ರ, ಅದು ನಮ್ಮ ಹೊಲದ ಬಾಂದಿನ ಕಲ್ಲರಿ!"

ಹಾರ ಬಿಚ್ಚಿಕೊಂಡು ಬರಲು ಮನಸ್ಸಾಗಲಿಲ್ಲ. ಯಾರದೋ ಹೊಲದ ಗಡಿಗೆ ಆಶೀರ್ವಾದ ಆಯಿತು.

ಆಗ ಹೊಳೆದದ್ದೇ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಆ ಮನೆತನದ ತಲೆತಲಾಂತರದ ಹೆಸರು ಹೇಳಿ ಕಾಳು ಒಯ್ಯುವವರು ಇವರು. ನಮ್ಮವರು ಕ್ರೈಸ್ತರಾದ ಮೇಲೆ ನಮ್ಮ ಬಾಗಿಲಿಗೆ ಬರುವುದನ್ನು ಬಿಟ್ಟಿದ್ದರು. ಆದರೆ ಹಳೆಯ ಹೆಸರುಗಳು ಅವರ ಹತ್ತಿರ ಇರಲೇಬೇಕಲ್ಲ! ಬಸವನ ಬಾಗೇವಾಡಿಯಲ್ಲಿ ವಿಚಾರಿಸಿ, ಮನಗೂಳಿಯಲ್ಲಿ ಒಬ್ಬ ಹೆಳವರಜ್ಜನನ್ನು ಹಿಡಿದೆ. ನಮ್ಮಜ್ಜನ ಹೆಸರು, ಮನೆತನ ಹೇಳಿದ ಕೂಡಲೇ ಅವನು ಮುಗುಳ್ನಕ್ಕ.

"ಮೊದಲ ನನಗೊಮ್ಮೆ ಹೇಳ್ರಿ ಅಜ್ಜಾರ."

"ಕುಲ ಹೇಳೂದು ನಾಲ್ಕ ಮಂದ್ಯಾಗ್ರಿ. ಮೂಲ್ಯಾಗ ನಿಂತ ಹೇಳಿದ್ರ ಅದು ಚಾಡಿ ಆಗ್ತೈತಿ."

ನಾನು ಒತ್ತಾಯ ಮಾಡಲಿಲ್ಲ. ಮುತ್ತಜ್ಜನ ಮೇಲೆ ಅಷ್ಟು ಭರವಸೆ!

ಭಾನುವಾರ ಆರಾಧನೆ ಮುಗಿದ ಮೇಲೆ ಇಡೀ ಸಭೆಯ ಮುಂದೆ ಹೆಳವರಜ್ಜ ಎದ್ದು, ಕಿವಿಗೆ ಕೈಯಿಟ್ಟು ರಾಗ ತೆಗೆದ. "ಹಿರೇ ಮಗ ದ್ಯಾವಪ್ಪ, ದೂರದ ಪಾದ್ರಿ ಮಾತ ಕೇಳಿ ದೇವಪುತ್ರಪ್ಪ ಆದ!" ನಾನು ಎದೆಯುಬ್ಬಿಸಿದೆ. "ಅವಗ ಮಕ್ಕಳಿಲ್ಲ!" ಎದೆ ಇಳಿಯಿತು.

"ಸಣ್ಣ ಮಗ ಕಲ್ಲಪ್ಪ. ದೀಕ್ಷಾಸ್ನಾನಕ್ಕ ಇವನ್ನ ಮುಳುಗಿಸಾಕ ಅಣ್ಣ ಬಾವಿಗೆ ಕರಕೊಂಡ ಹೋದ. ಎರಡ ಮೆಟ್ಟಲ ಇಳದ, ನೀರ ನೋಡಿದ, ಓಡಿದ! ಇಂಡಿಗೆ ಓಡಿದ, ಸಿಂದಗಿಗೆ ಓಡಿದ, ಮೂರ ವರ್ಷ ಓಡಿದ! ಕಡೀಕ ಅಣ್ಣ ತಾನೊಬ್ಬನ ಇವನ್ನ ಹಿಡದು ಮುಳುಗಿಸಿದ. ಆ ಕಲ್ಲಪ್ಪನ ಮರಿಮಗ ಈ ಸಾಹೇಬ್ರು!"

ಸಭೆಯಲ್ಲಿ ನಗದೆ ಉಳಿದವರು ಇಬ್ಬರೇ. ಒಬ್ಬರು ಪಾಸ್ಟರ್, ಇನ್ನೊಬ್ಬರಿಗೆ ಕಿವಿ ಕೇಳಿಸುವುದಿಲ್ಲ.

ನನಗೆ ಅವಮಾನವಾಯಿತು, ಮರುಕ್ಷಣವೇ ಸಿಟ್ಟು ಬಂತು. ಬೋಧಕರು ಕೈತಪ್ಪಿದರೆ ತಪ್ಪಲಿ, ಈ ಪುಕ್ಕಲ ನನ್ನವನು! ಎದ್ದು ನಿಂತೆ.

"ಕಲ್ಲಪ್ಪನ ಹೆಸರ ಕೆತ್ತಸ್ರಿ! ಮೊದಲನೇ ಬೋಧಕರ ಮಾತ ಕೇಳಾಕ ಒಬ್ಬ ಬೇಕಿತ್ತೋ ಇಲ್ಲೋ? ಅವರು ಊರೂರು ತಿರುಗಿ ಬೋಧನೆ ಮಾಡಿದ್ರು ಅಂತೀರಿ. ತಿರುಗಿಸಿದವ ಯಾರು? ನಮ್ಮ ಮುತ್ತಜ್ಜ! ಅವ ಬಾವ್ಯಾಗ ಸುಮ್ನ ಮುಳುಗಿದ್ರ ಅವರು ಮನ್ಯಾಗ ಕುಂದರತಿದ್ರು!"

ಪಾಸ್ಟರ್ ಸಾಹೇಬರು ಸೋತರು. "ಆತ್ರಿ, ಕಲ್ಲಪ್ಪನ ಹೆಸರೂ ಇರ್ಲಿ, ನಿಮ್ದೂ ಇರ್ಲಿ. ನಿಮ್ಮ ದೀಕ್ಷಾಸ್ನಾನ ಯಾವಾಗ ಆತು, ಅದೊಂದು ಹೇಳ್ರಿ."

ನಾನು ಫ್ಯಾನ್ ನೋಡಿದೆ. ನಮ್ಮಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸಿ ಮುಗಿಸುವುದಿಲ್ಲ. ಬುದ್ಧಿ ಬಂದವನು ತಾನಾಗಿ ಒಪ್ಪಿ ಪೂರ್ತಿ ಮುಳುಗಬೇಕು.

"ಎಲ್ಲೀದ್ರಿ?" ಮಾರ್ಥಾ ಹೆಂಗಸರ ಸಾಲಿನಿಂದ ಎದ್ದಳು. "ಪ್ರತಿ ಸಲ ನೀರಿನ ದಂಡಿ ತನಕ ಬರ್ತಾರ. ಜ್ವರ ಬಂತಂತ ತಿರಗಿ ಹೋಗ್ತಾರ. ಅರವತ್ತ ದಾಟಿತು!"

ನಾನೇನೂ ಬಗ್ಗಲಿಲ್ಲ. "ನೋಡ್ರಿ! ಕಲ್ಲಪ್ಪನ ಮರಿಮಗ ಅನ್ನಾಕ ಇನ್ನೇನ ದಾಖಲೆ ಬೇಕು?" ಎಂದೆ. ದಾಖಲೆಯನ್ನು ಒಪ್ಪಿದರು. ಮುಳುಗದವನ ಹೆಸರು ಕೆತ್ತಲು ಒಪ್ಪಲಿಲ್ಲ.

ಮುಂದಿನ ಭಾನುವಾರ ಆಲಮಟ್ಟಿಯ ಹಿನ್ನೀರಿನಲ್ಲಿ, "ಯಾರೂ ಮುಟ್ಟಬ್ಯಾಡ್ರಿ, ನಾನ ಇಳೀತೇನಿ" ಎಂದು ಗುಡುಗಿ, ಸೊಂಟದ ತನಕ ಒಬ್ಬನೇ ನಡೆದೆ. ಅಷ್ಟರಲ್ಲಿ ಕಾಲುಗಳು ದಂಡೆಯ ಕಡೆಗೆ ತಾವಾಗಿಯೇ ತಿರುಗಿದವು.

ಕಲ್ಲಪ್ಪನನ್ನು ಹಿಡಿದು ಮುಳುಗಿಸಲು ಒಬ್ಬರು ಸಾಕಾಗಿತ್ತು. ನನಗೆ ನಾಲ್ವರು ಬೇಕಾದರು. ಅವರಲ್ಲಿ ತಲೆ ಒತ್ತಿದವಳು ಮಾರ್ಥಾ!