ಪಾರ್ಕು ಸುತ್ತಿದ ಬೀಗರು

ನನ್ನ ಮಾತನ್ನು ಚಾಚೂ ತಪ್ಪದೆ ಕೇಳಿದವರು ಯಾರೂ ನನ್ನ ಮುಖ ನೋಡಿದವರಲ್ಲ. ಮುಖ ನೋಡಿದವರು ಯಾರೂ ನನ್ನ ಮಾತು ಕೇಳಿದವರಲ್ಲ. ನನ್ನ ವೃತ್ತಿ ಮತ್ತು ಸಂಸಾರದ ಸಾರಾಂಶ ಇಷ್ಟೇ. ವಾಯುಪಡೆಯಲ್ಲಿ ನಾನು ವಿಮಾನ ಸಂಚಾರ ನಿಯಂತ್ರಣದ ಅಧಿಕಾರಿಯಾಗಿದ್ದೆ. ರನ್‌ವೇ ಪಕ್ಕದ ಗಾಜಿನ ಗೋಪುರದಲ್ಲಿ ಕೂತು ಮೈಕಿನಲ್ಲಿ ಇಳಿಯಿರಿ ಎಂದರೆ ಯುದ್ಧವಿಮಾನಗಳು ಇಳಿಯುತ್ತಿದ್ದವು, ಕಾಯಿರಿ ಎಂದರೆ ಆಕಾಶದಲ್ಲಿ ಸುತ್ತು ಹಾಕುತ್ತಿದ್ದವು. ನಾನು ಹೇಳಿದ್ದನ್ನು ಪೈಲಟ್ ಅಕ್ಷರಶಃ ತಿರುಗಿ ಹೇಳಬೇಕು. ಹೇಳದಿದ್ದರೆ ಅವನಿಗೆ ಅದು ಮುಟ್ಟಿಲ್ಲವೆಂದೇ ಲೆಕ್ಕ. ವಿಂಗ್ ಕಮಾಂಡರ್ ಆಗಿ ನಿವೃತ್ತಳಾಗಿ ಸಹಕಾರನಗರದ ಮನೆಗೆ ಬಂದ ಹೊಸತರಲ್ಲಿ ಇದನ್ನು ಇಲ್ಲೂ ಜಾರಿಗೆ ತರಲು ನೋಡಿದೆ. "ರೀ, ಅರ್ಧ ಕೆಜಿ ಬೀನ್ಸ್, ಒಂದು ಕಟ್ಟು ಕೊತ್ತಂಬರಿ. ಎಲ್ಲಿ, ತಿರುಗಿ ಹೇಳಿ" ಎಂದೆ. ಕಾಲೇಜಿನಲ್ಲಿ ಮೇಷ್ಟರಾಗಿರುವ ನನ್ನ ಗಂಡ ನಾಗರಾಜ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಚೀಲ ತೆಗೆದುಕೊಂಡು ಹೋಗಿ, ಹೀರೇಕಾಯಿ ತಂದರು.

ನನ್ನ ಅತ್ತೆ ಮುನಿಯಮ್ಮನವರು ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು. ಸೊಸೆಯ ಕೆಲಸ ಏನೆಂದು ಅವರಿಗೆ ಅರ್ಥ ಮಾಡಿಸಲು ಮಗ ಪಟ್ಟ ಪಾಡು ನನಗೀಗಲೂ ನೆನಪಿದೆ. "ಇಮಾನ ಓಡುಸ್ತಾಳೇನ್ಲಾ?" "ಇಲ್ಲಮ್ಮ." "ರಿಪೇರಿ ಮಾಡ್ತಾಳಾ?" "ಅದೂ ಇಲ್ಲ. ಯಾವ್ದು ಯಾವಾಗ ಏಳ್ಬೇಕು, ಯಾವಾಗ ಇಳೀಬೇಕು ಅಂತ ಹೇಳ್ತಾಳೆ." ಅತ್ತೆ, "ಅಂಗಾದ್ರೆ ಕಂಡಕ್ಟ್ರು ಅನ್ನು" ಎಂದರು. ಅಂದಿನಿಂದ ನೆಂಟರಿಷ್ಟರಲ್ಲೆಲ್ಲ ನಾನು ವಿಮಾನದ ಕಂಡಕ್ಟರ್. ಒಂದು ಸೀಟಿ ಇದ್ದಿದ್ದರೆ ವಿಷಯ ಪೂರ್ತಿಯಾಗುತ್ತಿತ್ತು. ನಾದಿನಿಯ ಮದುವೆಗಾಗಲಿ, ಮೈದುನನ ಗೃಹಪ್ರವೇಶಕ್ಕಾಗಲಿ ನಾನು ಇರಲಿಲ್ಲ. ಎಲ್ಲೋ ಮರುಭೂಮಿಯ ಅಂಚಿನ ನೆಲೆಯಲ್ಲಿ ಇನ್ನೊಬ್ಬರ ಮಕ್ಕಳನ್ನು ಕ್ಷೇಮವಾಗಿ ಇಳಿಸುತ್ತಿದ್ದೆ. ಹಾಗಾಗಿ ಮಗಳು ಶ್ರಾವ್ಯಳ ನಿಶ್ಚಿತಾರ್ಥ ಮನೆಯಲ್ಲೇ ಎಂದು ಗೊತ್ತಾದಾಗ ನನಗೊಂದು ಆಸೆ ಹುಟ್ಟಿತು. ಒಂದೇ ಒಂದು ಸಲ, ಅತ್ತೆಯ ಕಣ್ಣೆದುರಿಗೆ, ನನ್ನ ವಿದ್ಯೆ ಈ ಮನೆಯ ಉಪಯೋಗಕ್ಕೆ ಬರಬೇಕು.

ಅವಕಾಶವೂ ತಾನಾಗಿ ಒದಗಿತು. ಭಾನುವಾರ ನಾಲ್ಕೂವರೆಗೆ ರಾಹುಕಾಲ. "ಅದು ಉಟ್ಟೋದ್ರೊಳ್ಗೆ ಬೀಗ್ರು ಒಸ್ಲು ದಾಟ್ಬೇಕು. ಆಮ್ಯಾಕೆ ನಾನ್ ಒಬ್ರುನ್ನೂ ಒಳೀಕ್ ಬಿಡಾಕಿಲ್ಲ" ಎಂದು ಅತ್ತೆ ಘೋಷಿಸಿಬಿಟ್ಟಿದ್ದರು. ನಮ್ಮ ಕ್ರಾಸು ಕಿಷ್ಕಿಂಧೆ. ಒಂದು ಪಕ್ಕ ಯಾರೋ ಮನೆ ಕಟ್ಟಿಸುತ್ತಾ ಮರಳು ಜಲ್ಲಿ ಸುರಿದಿದ್ದಾರೆ, ಇನ್ನೊಂದು ಪಕ್ಕ ಕಾರುಗಳ ಸಾಲು. ಒಂದು ಗಾಡಿ ಒಳಗಿದ್ದರೆ ಇನ್ನೊಂದು ನುಗ್ಗುವ ಹಾಗಿಲ್ಲ. ಎಲ್ಲರ ಕಣ್ಣಿಗೆ ಅದು ಗಲ್ಲಿ, ನನ್ನ ಕಣ್ಣಿಗೆ ರನ್‌ವೇ. ಮೂರು ಗಂಟೆಗೇ ರೇಷ್ಮೆ ಸೀರೆಯುಟ್ಟು ಮಹಡಿ ಹತ್ತಿ ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತೆ. ನಾಗರಾಜರನ್ನು ಕ್ರಾಸಿನ ತುದಿಯಲ್ಲಿ ನಿಲ್ಲಿಸಿ, "ನಾನು ಹೇಳೋವರೆಗೂ ಯಾವ ಗಾಡೀನೂ ಒಳಗೆ ಬಿಡಬೇಡಿ. ಬೀಗರ ಹತ್ರ ಫೋನಲ್ಲಿ ನಾನೊಬ್ಬಳೇ ಮಾತಾಡ್ತೀನಿ, ಎರಡು ಬಾಯಿ ಆದ್ರೆ ಗೊಂದಲ" ಎಂದು ಕಟ್ಟಪ್ಪಣೆ ಮಾಡಿದೆ.

ಬೀಗರು ಯಶವಂತಪುರದಿಂದ ಹೊರಟು ಹೆಬ್ಬಾಳ ದಾಟಿ ಸಹಕಾರನಗರ ಮುಟ್ಟುವುದಕ್ಕೂ, ನಮ್ಮ ಕ್ರಾಸಿಗೆ ನೀರಿನ ಟ್ಯಾಂಕರ್ ನುಗ್ಗುವುದಕ್ಕೂ ಸರಿಹೋಯಿತು. ಪಕ್ಕದ ಮನೆಯ ಸಂಪು ಖಾಲಿಯಂತೆ. ರನ್‌ವೇ ಮೇಲೆ ಒಬ್ಬರಿದ್ದಾಗ ಇನ್ನೊಬ್ಬರನ್ನು ಇಳಿಸುವುದುಂಟೇ? ಎರಡು ಕಾರುಗಳಲ್ಲಿ ಮುಂದಿನದನ್ನು ಹುಡುಗನ ತಂದೆ ರಾಮಚಂದ್ರಪ್ಪನವರೇ ಓಡಿಸುತ್ತಿದ್ದರು, ಅವರಿಗೆ ಫೋನ್ ಮಾಡಿದೆ. ಕ್ರಾಸಿನ ತುದಿಯಲ್ಲಿದ್ದ ಪಾರ್ಕಿನ ಸುತ್ತ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. "ಸಾರ್, ಪಾರ್ಕ್ ಸುತ್ತ ನಿಧಾನವಾಗಿ ಸುತ್ತು ಹಾಕ್ತಾ ಇರಿ. ನಾನು ಹೇಳಿದ ಮೇಲೆ ಒಳಗೆ ಬನ್ನಿ" ಎಂದೆ. ಆ ಪುಣ್ಯಾತ್ಮರು, "ಪಾರ್ಕ್ ಸುತ್ತ ಸುತ್ತು ಹಾಕ್ತಾ ಇರ್ತೀವಿ. ನೀವು ಹೇಳಿದ ಮೇಲೆ ಒಳಗೆ ಬರ್ತೀವಿ" ಎಂದು ಒಂದಕ್ಷರ ಬಿಡದೆ ತಿರುಗಿ ಹೇಳಿದರು. ನನಗೆ ರೋಮಾಂಚನವಾಯಿತು. ಇಂಥ ಬೀಗರು ಸಿಗಬೇಕಾದರೆ ಮಗಳು ಏನೋ ಪುಣ್ಯ ಮಾಡಿದ್ದಾಳೆ ಅಂದುಕೊಂಡೆ.

ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ಕೂಗು. "ಏನಮ್ಮಾ ಕಂಡಕ್ಟ್ರಮ್ಮಾ, ಆರತಿ ತಟ್ಟೆಗೆ ಸುಣ್ಣ ಅರಿಸ್ನ ಕಲಸೋರ್ ಯಾರು? ಅದ್ನೂ ಮ್ಯಾಲಿಂದ್ಲೇ ಮಾಡ್ತೀಯಾ?" ನಾನು ಇಳಿದೆ. ಗೋಪುರದಲ್ಲಿದ್ದಾಗ ಇನ್ನೊಬ್ಬ ಅಧಿಕಾರಿ ಬಂದು ಕೂತು, ಆಕಾಶದಲ್ಲಿ ಯಾರು ಯಾರು ಇದ್ದಾರೆಂದು ನನ್ನ ಬಾಯಿಂದ ಕೇಳಿಕೊಳ್ಳುವವರೆಗೆ ನಾನು ಕುರ್ಚಿ ಬಿಟ್ಟು ಎದ್ದವಳೇ ಅಲ್ಲ. ಇಲ್ಲಿ ಮಾತ್ರ ಫೋನನ್ನು ಟ್ಯಾಂಕಿನ ಮೇಲೆಯೇ ಇಟ್ಟು ಬಂದೆ. ಆರತಿ ಕಲಸಿದ್ದಾಯಿತು. ಅಡುಗೆಯವರು ಅಂಬೊಡೆಯ ಉಪ್ಪು ನೋಡಿ ಎಂದರು, ನೋಡಿದೆ. ಸಾಲದೆಂದು ಇನ್ನೊಂದು ನೋಡಿದೆ. ಶ್ರಾವ್ಯಳ ಜಡೆಗೆ ಹೂ ಮುಡಿಸಿದೆ, ಬಂದಿದ್ದ ನೆಂಟರಿಗೆ ಪಾನಕ ಕೊಟ್ಟೆ. ಟ್ಯಾಂಕರ್ ಯಾವಾಗ ಹೊರಟುಹೋಯಿತೋ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಅತ್ತೆಯ ಸೊಂಟದಿಂದ. ಮದುವಣಗಿತ್ತಿ ಫೋನು ಒತ್ತುತ್ತಾ ಕೂರಬಾರದೆಂದು ಅವರು ಶ್ರಾವ್ಯಳ ಫೋನನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಆಗ್ಲಿಂದ ಸೊಂಟ್ದಾಗೆ ಏನೋ ಗುರುಗುರು ಅಂತೈತೆ ಕಣಮ್ಮಾ, ಬೀಪಿ ಏನಾರಾ ಏರ್‌ತಾ?" ಎಂದು ಗಾಬರಿಯಿಂದ ಕೇಳಿದರು. ಶ್ರಾವ್ಯ ಫೋನು ತೆಗೆದು ಮಾತಾಡಿ ಬಿಳಿಚಿಕೊಂಡಳು. "ಅಮ್ಮಾ, ಅವರೆಲ್ಲ ಇನ್ನೂ ಪಾರ್ಕ್ ಸುತ್ತುತ್ತಾ ಇದಾರಂತೆ. ನೀನು ಯಾವಾಗ ಹೇಳ್ತೀಯ ಅಂತ ಕೇಳ್ತಿದಾರೆ." ಗಡಿಯಾರ ನೋಡಿದೆ. ರಾಹುಕಾಲ ಆಗಲೇ ಬಂದು ಕೂತಿತ್ತು.

ಓಡಿದೆ. ಪಾರ್ಕಿನ ಗೇಟಿನ ಬಳಿ ಕಾರು ನಿಲ್ಲಿಸಿದ ರಾಮಚಂದ್ರಪ್ಪನವರು, "ಬೇಜಾರ್ ಮಾಡ್ಕೋಬೇಡಿ ಮೇಡಂ, ನಾನು ಸರ್ವೀಸೆಲ್ಲಾ ರೈಲು ಓಡ್ಸಿದೋನು. ಸಿಗ್ನಲ್ ಸಿಗ್ದೆ ಒಳಗ್ ಬರೋ ಅಭ್ಯಾಸ ಇಲ್ಲ" ಎಂದರು. ಹಿಂದಿನ ಕಾರಿನಲ್ಲಿ ಹೂವು ಹಣ್ಣಿನ ತಟ್ಟೆ ಹಿಡಿದ ಹೆಂಗಸರು ಬೆವರುತ್ತಿದ್ದರು. ಪ್ರತಿ ಸುತ್ತಿನಲ್ಲೂ ಕ್ರಾಸಿನ ತುದಿಯಿಂದ ನಾಗರಾಜರು ನಗುನಗುತ್ತಾ ಅವರಿಗೆ ಕೈ ಬೀಸಿದ್ದರಂತೆ. "ಕರೀಬಾರ್ದಿತ್ತಾ ರೀ?" ಎಂದರೆ, "ಬಾಯಿ ಬಿಡಬೇಡಿ ಅಂದೋಳು ನೀನೇ ತಾನೆ?" ಎಂದರು. ಮದುವೆಯಾದಾಗಿನಿಂದ ಅವರು ನನ್ನ ಮಾತು ಕೇಳಿದ್ದು ಅದೇ ಮೊದಲು.

ಹಿಂದೆಯೇ ಅತ್ತೆ ಬಂದರು. ಅವರು ಬೀಗಿತ್ತಿಯ ಕೈಯಿಂದ ತಟ್ಟೆ ಇಳಿಸಿಕೊಂಡು, "ಒಸ್ಲಿಗ್ ರಾಹುಕಾಲ, ಪಾರ್ಕ್‌ಗೇನೈತೆ? ಕುಂತ್ಕಳ್ರವ್ವಾ" ಎಂದು ಕಲ್ಲುಬೆಂಚು ತೋರಿಸಿದರು. ಕಾಫಿ, ಅಂಬೊಡೆ ಅಲ್ಲಿಗೇ ಬಂದವು. ಒಳಗೆ ಜಮಖಾನೆಯ ಮೇಲೆ ಬಿಗಿದುಕೊಂಡು ಕೂರಬೇಕಾಗಿದ್ದ ಎರಡೂ ಮನೆಯವರು ಹೊಂಗೆಯ ನೆರಳಿನಲ್ಲಿ ಕಾಲು ಚಾಚಿ ಹರಟಿದರು. ಹುಡುಗ ಹುಡುಗಿ ಜಾರುಬಂಡೆಯ ಪಕ್ಕ ನಿಂತು ನಗುತ್ತಿದ್ದರು. ನನಗೆ ಸಮಾಧಾನವೂ ಆಯಿತು, ಕೊಂಚ ಅವಮಾನವೂ ಆಯಿತು.

ಯಲಹಂಕದ ಕಡೆಯಿಂದ ಒಂದು ವಿಮಾನ ಹಾದುಹೋಯಿತು. ಅತ್ತೆ ಕತ್ತೆತ್ತಿ ನೋಡಿ ಕೇಳಿದರು: "ಅಲ್ಲೂ ಇಂಗೇ ಸುತ್ತುಸ್ತಿದ್ಯಾ?"

"ಹೂಂ ಅತ್ತೆ."

"ನೀನ್ ಮರ್ತೋದ್ರೆ?"

ಇಷ್ಟು ವರ್ಷ ನನ್ನ ಕೆಲಸದ ಬಗ್ಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಎಣ್ಣೆ ಮುಗಿದು ಬೀಳ್ತಿದ್ರು ಅತ್ತೆ. ಒಬ್ಬರನ್ನೂ ಮರ್ತಿಲ್ಲ" ಎಂದೆ. ಅತ್ತೆ ತಮ್ಮ ತಟ್ಟೆಯ ಅಂಬೊಡೆಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟರು. ನನಗೆ ತುಂಬಾ ಸಂತೋಷವಾಯಿತು.

ರಾಹುಕಾಲ ಕಳೆದು, ಹೊಸಿಲು ದಾಟಿ, ತಾಂಬೂಲ ಬದಲಾಯಿಸಿದ ಮೇಲೆ ಅತ್ತೆ ಕೆಂಪಾಪುರದಲ್ಲಿರುವ ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಇಡೀ ನಡುಮನೆಗೆ ಕೇಳುವಂತೆ ಹೇಳುತ್ತಿದ್ದರು: "ನಮ್ ಸೊಸೆ ಅಂದ್ರೆ ಏನಂದ್ಕಂಡೆ? ಆಕಾಸ್ದಾಗಿರೋರ್ನ ಒಬ್ರುನ್ನೂ ಮರ್ತೋಳಲ್ಲ. ಬೀಗ್ರುನ್ನ ಮಾತ್ರ ಮರ್ತ್ಲು."

ನಾನು ಮೊದಲ ಭಾಗವನ್ನಷ್ಟೇ ಕೇಳಿಸಿಕೊಂಡು, ಕಾಫಿ ಲೋಟಗಳನ್ನು ಎತ್ತಿಕೊಂಡು ಬೇಗಬೇಗ ಒಳಗೆ ನಡೆದೆ.