ಬದನೆಕಾಯಿ ಹನ್ನೆರಡು ರೂಪಾಯಿ

ಮಾರ್ಕೆಟ್ಟಿನ ಚೀಲ ಕೆಳಗಿಳಿಸುವ ಮೊದಲೇ ಗುರುಮಲ್ಲಪ್ಪನ ಗ್ರಹಚಾರ ಅವನ ಮನೆ ಜಗಲಿಯ ಮೇಲೆ ಬಂದು ಕೂತಿತ್ತು. ಪಲ್ಲವಿ ಎಂಬ ಕಾಲೇಜು ಹುಡುಗಿ, ಕೈಯಲ್ಲಿ ಫಾರಂ. ರಿಸರ್ವ್ ಬ್ಯಾಂಕಿಗಾಗಿ ಸರ್ವೆಯಂತೆ. ಸಾಮಾನಿನ ಬೆಲೆ ಎಷ್ಟಿದೆ, ಮುಂದಿನ ವರ್ಷ ಏನಾದೀತು ಅಂತ ಜನರನ್ನೇ ಕೇಳಿ, ಅದನ್ನೂ ನೋಡಿಕೊಂಡು ಬೊಂಬಾಯಿಯಲ್ಲಿ ಬಡ್ಡಿ ಏರಿಸೋದೋ ಇಳಿಸೋದೋ ತೀರ್ಮಾನಿಸುತ್ತಾರಂತೆ.

"ಇವತ್ತು ಬದನೆಕಾಯಿ ಕೇಜಿಗೆ ಎಷ್ಟು ಕೊಟ್ರಿ ಸಾರ್?"

ಕೊಟ್ಟದ್ದು ಎಂಟು. ಆದರೆ ಬಾಗಿಲಲ್ಲಿ ಹೆಂಡತಿ ರುದ್ರಮ್ಮ ನಿಂತಿದ್ದಳು. ಅವಳಿಗೆ ಹನ್ನೊಂದು ವರ್ಷದಿಂದ ಒಪ್ಪಿಸುತ್ತಿದ್ದ ಲೆಕ್ಕವೇ ಬೇರೆ. ಪ್ರತಿ ಭಾನುವಾರ ಮಾರ್ಕೆಟ್ಟಿನಲ್ಲಿ ಮಿಗಿಸಿದ ಚಿಲ್ಲರೆ, ನಂಜನಗೂಡು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆದೋಸೆಯಾಗಿ ಅವನ ಹೊಟ್ಟೆ ಸೇರುತ್ತಿತ್ತು. ಇವತ್ತೂ ಸೇರಿತ್ತು.

"ಹನ್ನೆರಡು," ಅಂದ, ನೆಲ ನೋಡುತ್ತ.

ಪಕ್ಕದ ಮನೆಯ ಪಾಪಮ್ಮ ಗೋಡೆಯ ಮೇಲಿಂದ ತಲೆ ತೂರಿಸಿದಳು. "ಅನ್ನೆಲ್ಡಾ? ನಾನು ಎಂಟಕ್ಕೆ ತಂದಿವ್ನಿ ಕಣ್ರಪ್ಪ."

"ಅದು ಹುಳುಕು. ಇದು ಫ್ರೆಶ್ಶು."

"ಇಬ್ರೂ ಸಣ್ಣಯ್ಯನ ಗುಡ್ಡೇಲೇ ತಗಂಡ್ವಲ್ಲ. ನಿಮ್ಮ ಇಂದ್ಗಡೇನೆ ನಾನು ನಿಂತಿದ್ನಲ್ಲ."

ಗುರುಮಲ್ಲಪ್ಪನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆಗ ರುದ್ರಮ್ಮನೇ ಬಾಯಿ ಹಾಕಿದಳು. "ಬುಡು ಪಾಪಕ್ಕ, ನಮ್ಮೋರು ಆರ್ಸಿ ಆರ್ಸಿ ತತ್ತಾರೆ. ಬರ್ಕೊ ಮಗ, ಅನ್ನೆಲ್ಡು."

ಅವಳು ಬೈದಿದ್ದರೆ ವಾಸಿಯಿತ್ತು. ತನ್ನ ಪರ ವಹಿಸಿದ್ದು ಅವನಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ಒಂದು ಸುಳ್ಳಿನ ಹಿಂದೆ ತೆಂಗಿನಕಾಯಿ, ಬೇಳೆ, ಕೊತ್ತಂಬರಿ ಎಲ್ಲವೂ ಏರಲೇಬೇಕಾಯಿತು. ಮುಂದಿನ ವರ್ಷ? "ಇನ್ನೂ ಏರುತ್ತೆ," ಅಂದ, ದೋಸೆಯ ರೇಟು ಏರುವುದನ್ನೂ ಸೇರಿಸಿಕೊಂಡು. ಹುಡುಗಿ ಒಳಗೆ ಹೋಗಿ ನೀರು ಕುಡಿದು, ಇನ್ನು ನರಸೀಪುರದ ಅಂಗಡಿ ಬೀದಿಗೆ ಹೋಗಬೇಕೆಂದು ಹೊರಟಳು.

"ನಿಮ್ಮ ಮಾತ್ ಕೇಳಿ ಬಡ್ಡಿ ಏರ್ಸುದ್ರೆ ನನ್ನ ಮಗನ ಆಟೋ ಸಾಲದ ಗತಿ ಏನಪ್ಪ?" ಎಂದಳು ಪಾಪಮ್ಮ.

ಮಧ್ಯಾಹ್ನ ರುದ್ರಮ್ಮ ಅವನ ತಟ್ಟೆಗೆ ಎಣ್ಣೆಗಾಯಿ ಬಡಿಸಿ, ತಾನು ನಿನ್ನೆಯ ಸಾರು ಹಾಕಿಕೊಂಡಳು. "ಅನ್ನೆಲ್ಡು ರೂಪಾಯಿಂದು. ಬುಡದಂಗೆ ತಿನ್ನಿ."

ಇಂಥವಳಿಗೆ ಮೋಸ ಮಾಡಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೈ ತೊಳೆದವನೇ ನರಸೀಪುರದ ಬಸ್ಸು ಹತ್ತಿ, ಕಂಬ ಹಿಡಿದು ನಿಂತೇ ಹೋದ.

ಪಲ್ಲವಿ ಅಲ್ಲಿ ಒಂದು ದಿನಸಿ ಅಂಗಡಿಯ ಮುಂದೆ ಏಳೆಂಟು ಜನರ ನಡುವೆ ಬರೆಯುತ್ತಿದ್ದಳು. ಗುರುಮಲ್ಲಪ್ಪ ಏದುಸಿರಿನಲ್ಲೇ ಶುರುಮಾಡಿದ. "ಎಂಟು ಕಣಮ್ಮ, ಹನ್ನೆರಡಲ್ಲ. ತೆಂಗಿನಕಾಯಿ, ಬೇಳೇದೂ ಸುಳ್ಳೇ. ಮಿಕ್ಕಿದ್ದರಲ್ಲಿ ನಾನು ದೋಸೆ ತಿಂದೆ. ಹನ್ನೊಂದು ವರ್ಷದಿಂದ ತಿಂತಿದೀನಿ. ಹೆಂಡತಿಗೆ ಗೊತ್ತಿಲ್ಲ. ಫಾರಂ ತಿದ್ಕೊ."

ಜನ ಬೇಳೆ ಅಳೆಸುವುದನ್ನು ಬಿಟ್ಟು ಅವನನ್ನೇ ನೋಡಿದರು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಪರಿಚಿತ ದನಿ ಬಂತು. "ಬನ್ನಿ ಬಾವ. ದೋಸೆ ಏನಾರಾ ತರುಸ್ಲಾ?"

ಅವಸರದಲ್ಲಿ ಅಂಗಡಿ ಯಾರದೆಂದೇ ಅವನು ನೋಡಿರಲಿಲ್ಲ. ರುದ್ರಮ್ಮನ ತಮ್ಮ ಅಮೃತೇಶನದು.

"ನೀವು ಬರೋದೇ ಬೇಕಿರ್ಲಿಲ್ಲ ಸಾರ್," ಎಂದಳು ಪಲ್ಲವಿ ಮೆಲ್ಲಗೆ. "ನೀರು ಕುಡಿಯೋಕೆ ಒಳಗೆ ಹೋದಾಗ ಅಮ್ಮಾವ್ರೇ ಎಲ್ಲಾ ತಿದ್ಸಿದ್ರು. ಯಾವ್ಯಾವ ವಾರ ಎಷ್ಟೆಷ್ಟು ಅಂತ ಬಾಯಲ್ಲೇ ಇದೆ ಅವ್ರಿಗೆ."

"ಮತ್ತೆ ಜಗಲೀಲಿ ಹನ್ನೆರಡು ಅಂದ್ಲಲ್ಲ?"

"ಹೊರಗಿನವರ ಮುಂದೆ ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂದ್ರು."

ಅವಳು ಕಾಪಾಡಿದ್ದ ಮರ್ಯಾದೆಯನ್ನು ಅವನೇ ಟಿಕೆಟ್ ತೆಗೆದುಕೊಂಡು ನರಸೀಪುರಕ್ಕೆ ತಂದು, ಅವಳ ತಮ್ಮನ ಮುಂದೆಯೇ ಹರಾಜು ಹಾಕಿದ್ದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಮುಂದಿನ ವರ್ಷದ್ದು?" ಎಂದ ಕ್ಷೀಣವಾಗಿ. "ಅದನ್ನಾದ್ರೂ ನಾನು ಹೇಳಿದ್ದೇ ಬಿಟ್ಟಿದಾಳಾ?"

ಪಲ್ಲವಿ ಹಾಳೆ ತಿರುಗಿಸಿದಳು. "ಇಲ್ಲೀವರೆಗೂ ಬೆಲೆ ಇಳಿಯುತ್ತೆ ಅಂದಿರೋದು ನಿಮ್ಮನೆ ಒಂದೇ ಸಾರ್. 'ಬರೋ ಭಾನುವಾರದಿಂದ್ಲೇ ಇಳೀತದೆ, ಮಾರ್ಕೆಟ್ಟಿಗೆ ನಾನೇ ಓಯ್ತೀನಿ' ಅಂದ್ರು."