ಒಂದನೇ ನಂಬರ್ ಬೆಲ್ಲ

ಮದ್ದೂರಿನ ರೈತರಿಗೆ ಫೋಟೊ ತೆಗೆಸಿಕೊಳ್ಳುವ ಹುಚ್ಚು ಇಲ್ಲದಿದ್ದರೆ ಶಶಿಧರನಿಗೆ ಈ ಗತಿ ಬರುತ್ತಿರಲಿಲ್ಲ.

ಇಂದ್ರಮ್ಮನ ಬೆಲ್ಲದ ಮಂಡಿಯಲ್ಲಿ ಅವನದು ಮೂರು ತಿಂಗಳ ತಾತ್ಕಾಲಿಕ ಕೆಲಸ. ಬೆಂಗಳೂರಿನ ವ್ಯಾಪಾರಿಗಳು ಕಂಪ್ಯೂಟರ್ ಚೀಟಿ ಇಲ್ಲದೆ ಬೆಲ್ಲ ಮುಟ್ಟುವುದಿಲ್ಲವಂತೆ. ಅದಕ್ಕೆ ಫೋಟೊ ನೋಡಿ ಬೆಲ್ಲವನ್ನು ಒಂದನೇ ನಂಬರ್, ಎರಡನೇದು, ಮೂರನೇದು, ದನಕ್ಕೆ ಎಂದು ವಿಂಗಡಿಸಲು ಕಂಪ್ಯೂಟರಿಗೆ ಕಲಿಸಬೇಕು. ಕಲಿಸಿದರೆ ಕೆಲಸ ಖಾಯಂ. ಇವತ್ತೇ ಪರೀಕ್ಷೆ.

ಬರೀ ಬೆಲ್ಲದ ಫೋಟೊಗೆ ರೈತರು ಯಾರೂ ಒಪ್ಪಿರಲಿಲ್ಲ. ಇಸ್ತ್ರಿ ಅಂಗಿ ತೊಟ್ಟು, ಬೆಲ್ಲದ ಅಚ್ಚನ್ನು ಮಗುವಿನಂತೆ ಎತ್ತಿಕೊಂಡು ಪೋಸು ಕೊಟ್ಟಿದ್ದರು. ಯಾವುದು ಎಷ್ಟನೇ ನಂಬರ್ ಎಂದು ಬರೆದುಕೊಟ್ಟವನು ಮೂವತ್ತು ವರ್ಷದಿಂದ ಮಂಡಿಯಲ್ಲಿ ಬೆಲ್ಲ ನೋಡುವ ಬೋರಯ್ಯ.

ಬೆಳಿಗ್ಗೆ ವಿಧಾನ ಆರಿಸುವಾಗಲೇ ಪಂಚಾಯ್ತಿ ಸೇರಿತು.

"ಒಂದ್ ವಿಧಾನ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಕವಲೊಡೆಯುತ್ತೆ. ಇನ್ನೊಂದು, ಹತ್ತಿರದ ಐದು ಫೋಟೊ ಹೋಲಿಸುತ್ತೆ. ಮೂರನೇದು ಮೊದಲನೇದರಂಥ ನೂರು ಕವಲುಮರ ಬೆಳೆಸಿ ಓಟು ಹಾಕಿಸುತ್ತೆ," ಎಂದ ಶಶಿಧರ.

"ಓಟೇ ಆಕ್ಸ್ಲಾ! ತಪ್ಪಾದ್ರೂ ನಮ್ ಮ್ಯಾಲ್ ಬರಾಕಿಲ್ಲ," ಎಂದ ಬೋರಯ್ಯ.

ಓಟೇ ಗೆದ್ದಿತು. ನೂರಕ್ಕೆ ತೊಂಬತ್ತೆಂಟು ಸಲ ಪರದೆ ಮೇಲೆ ಬೋರಯ್ಯ ಬರೆದ ನಂಬರೇ ಬಂತು. ಶಶಿಧರ ಹಿಗ್ಗಿ ಹೀರೇಕಾಯಿಯಾದ.

ಮಧ್ಯಾಹ್ನ ಬೆಲ್ಲ ಮಾರಲು ಬಂದ ಚಿಕ್ಕಮಾದಮ್ಮ ಹೊನ್ನಿನ ಬಣ್ಣದ ಅಚ್ಚು ಹಿಡಿದು ಕ್ಯಾಮೆರಾ ಮುಂದೆ ನಿಂತಳು. ಪರದೆ ಮೇಲೆ ಬಂತು: ದನಕ್ಕೆ.

"ನಿನ್ ಕಂಪ್ಯೂಟ್ರುಗೆ ಕಣ್ ಇಂಗೋಗೈತಾ?" ಎಂದು ಕೂಗಿ, ಅಚ್ಚನ್ನು ಪಕ್ಕದಲ್ಲಿ ನಿಂತಿದ್ದ ರೈತ ಕರಿಸಿದ್ದಯ್ಯನ ಕೈಗೆ ತುರುಕಿದಳು. ತಕ್ಷಣ ಬಂತು: ಒಂದನೇ ನಂಬರ್.

ಮಂಡಿಯೆಲ್ಲ ಬೋರಯ್ಯನ ಕಡೆ ತಿರುಗಿತು. ಕರಿಸಿದ್ದಯ್ಯ ಅವನ ಬಾಮೈದ. ಚಿಕ್ಕಮಾದಮ್ಮನ ಜೊತೆ ಬೋರಯ್ಯನಿಗೆ ಹೊಲದ ಬದುವಿನ ಜಗಳ.

"ಅಂದ್ರೆ ಇದು ಬೆಲ್ಲ ನೋಡ್ತಿಲ್ಲ, ಮುಖ ನೋಡ್ತಾ ಐತೆ!" ಎಂದಳು ಚಿಕ್ಕಮಾದಮ್ಮ. ಬೋರಯ್ಯ ಬೀಡಿ ಹುಡುಕುವ ನೆಪದಲ್ಲಿ ಜಾಗ ಖಾಲಿ ಮಾಡಿದ.

ಶಶಿಧರನಿಗೆ ಅಳು ಬಂತು. "ಅಮ್ಮಾವ್ರೇ, ವಾರ ಟೈಮ್ ಕೊಡಿ. ಬರೀ ಬೆಲ್ಲದ ಫೋಟೊ ತೆಗೆದು ಮೊದಲಿಂದ ಕಲಿಸ್ತೀನಿ."

ಇಂದ್ರಮ್ಮ ಸೀದು ಕಪ್ಪಾದ ಅಚ್ಚೊಂದನ್ನು ಕರಿಸಿದ್ದಯ್ಯನ ಕೈಗಿಟ್ಟಳು. ಒಂದನೇ ನಂಬರ್. ಹುಳಿ ವಾಸನೆಯ ಇನ್ನೊಂದನ್ನು ಇಟ್ಟಳು. ಅದೂ ಒಂದನೇ ನಂಬರ್. ಬೆಂಗಳೂರಿನವರು ಕೇಳುವ ಚೀಟಿ ಸರಸರ ಹೊರಬಂತು.

ಅವಳ ಮುಖ ಅರಳಿತು. "ಏನೂ ಮುಟ್ಬೇಡ ಕಣಪ್ಪ, ಬೋ ಚೆಂದಾಗ್ ಕಲ್ಸಿದ್ದೀಯ. ಸೋಮವಾರದಿಂದ್ಲೇ ಖಾಯಂ ಮಾಡ್ತೀನಿ."

ಶಶಿಧರ ಕಾಲಿಗೆ ಬೀಳಲು ಬಗ್ಗಿದ.

"ನಿನ್ನಲ್ಲ ಕಣಪ್ಪ," ಎಂದಳು ಇಂದ್ರಮ್ಮ. "ಕರಿಸಿದ್ದಣ್ಣನ್ನ."